ತೆನೆಗೂಡಿಸಿದ ಸೆನೆಟರ್: ಟೆಡ್ ಕೆನಡಿ ಮಾಡಿದ ಕಾನೂನುಗಳೂ ನಮ್ಮ ಬದುಕೂ

(ಹೋದ ಭಾನುವಾರ ನಮ್ಮೂರ ಲೈಬ್ರರಿ ಹಾಲ್‌ನಲ್ಲಿ ಕನ್ನಡದವರು ಸೇರಿದ್ದಾಗ ಮಾತಾಡಿದ್ದು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳಿಸ್ಕೊಂಡು ಟೈಪ್ ಮಾಡಿದೀನಿ, ಮಾತಿನ ಹಾಗೇ ಇರಲಿ ಅಂತ ಜಾಸ್ತಿ ತಿದ್ದೋಕೆ ಹೋಗಿಲ್ಲ. ಕೊನೇಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ಶುರು ಮಾಡೋಕೆ ಮುಂಚೆ ಸ್ವಲ್ಪ ಕೈ ಎತ್ತಿ ನೋಡೋಣ. ಇಲ್ಲಿ ಎಚ್-1ಬಿ ವೀಸಾ ಮೇಲೆ ಬಂದೋರು ಎಷ್ಟು ಜನ? ಮುಕ್ಕಾಲು ಹಾಲ್. ಸರಿ, ಬೆಂಗಳೂರಲ್ಲಿದ್ದಾಗ್ಲೋ ಇಲ್ಲಿಗೆ ಬಂದ್ಮೇಲೋ ಆಫೀಸಲ್ಲಿ ವರ್ಷಕ್ಕೊಂದ್ಸಲ, ಪೇಷಂಟ್ ಡೇಟಾ ಗುಟ್ಟಾಗಿಡೋಕೆ ಹಿಪಾ ಟ್ರೈನಿಂಗ್ ಅಂತ ಕೂತು ಕ್ಲಿಕ್ ಮಾಡಿದೋರು? ಹತ್ರಹತ್ರ ಅಷ್ಟೇ ಕೈ. ಇನ್ನೊಂದು, ಮುಂದಿನ ಸಾಲಲ್ಲಿರೋ ಹಿರಿಯರಿಗೆ: 70ರ ದಶಕದಲ್ಲಿ ಡಾಕ್ಟರಾಗಿಯೋ ಇಂಜಿನಿಯರಾಗಿಯೋ ಬಂದು ಇಲ್ಲೇ ನೆಲೆ ನಿಂತೋರು? ನಾಲ್ಕು ಕೈ ಕಾಣ್ತಿದೆ. ಈಗ ಕೇಳಿ, ಈ ಮೂರರ ಹಿಂದಿರೋ ಕಾನೂನುಗಳನ್ನ ಸೆನೆಟ್‌ನಲ್ಲಿ ಮುಂದೆ ನಿಂತು ದಾಟಿಸಿದೋರಲ್ಲಿ ಒಬ್ಬರ ಹೆಸರು ಮೂರು ಕಡೆಗೂ ಬರುತ್ತೆ, ಅದೂ ನಮ್ಮ ಮ್ಯಾಸಚೂಸೆಟ್ಸ್‌ನೋರೇ, ಡೆಮೊಕ್ರಾಟ್ ಪಾರ್ಟಿಯ ಎಡ್ವರ್ಡ್ ಕೆನಡಿ, ಎಲ್ರೂ ಟೆಡ್ ಅಂತಿದ್ರು. ನಾನಿಲ್ಲಿಗೆ ಬಂದು ಹತ್ತು ವರ್ಷ ಆಗೋವರೆಗೂ ನನಗಿದು ಗೊತ್ತಿರ್ಲಿಲ್ಲ, ಪ್ರೆಸಿಡೆಂಟ್ ಕೆನಡಿ ತಮ್ಮ ಅಂತ ಅಷ್ಟೇ ಗೊತ್ತಿತ್ತು, ಅದಕ್ಕೇ ಇವತ್ತು ಈ ವಿಷಯ ಆರಿಸ್ಕೊಂಡೆ.

ಒಂಬತ್ತು ಮಕ್ಕಳಲ್ಲಿ ಕೊನೆಯವರು, ಹುಟ್ಟಿದ್ದು 1932ರಲ್ಲಿ ಬಾಸ್ಟನ್‌ನಲ್ಲಿ. ದೊಡ್ಡಣ್ಣ ಎರಡನೇ ಮಹಾಯುದ್ಧದಲ್ಲಿ ಹೋದ್ರು, ಜಾನ್ ಅವರನ್ನ 1963ರಲ್ಲಿ ಕೊಂದ್ರು, ರಾಬರ್ಟ್ ಅವರನ್ನ 1968ರಲ್ಲಿ. ಟೆಡ್ ಸೆನೆಟ್‌ಗೆ ಬಂದಿದ್ದು 1962ರ ನವೆಂಬರ್‌ನಲ್ಲಿ, ಆಗ ಮೂವತ್ತೇ ವಯಸ್ಸು, ಅಣ್ಣನ ಹೆಸರಿಂದ್ಲೇ ಸೀಟು ಸಿಕ್ತು ಅಂತ ಜನ ಆಡ್ಕೊಂಡಿದ್ದು ಸುಳ್ಳೇನಲ್ಲ. ಆದ್ರೆ ಆಮೇಲೆ 2009ರ ಆಗಸ್ಟ್ 25ಕ್ಕೆ ಸಾಯೋವರೆಗೂ, ಹತ್ರಹತ್ರ 47 ವರ್ಷ, ಅದೇ ಸೀಟಲ್ಲಿ ಕೂತು ಮಾಡಿದ ಕೆಲಸ ಇದ್ಯಲ್ಲ, ಅದು ಅಣ್ಣನ ಹೆಸರಿಂದ ಆಗೋದಲ್ಲ. ಅವರೂ ಅವರ ಸಿಬ್ಬಂದಿಯೂ ಬರೆದಿದ್ದರಲ್ಲಿ ಮುನ್ನೂರಕ್ಕೂ ಹೆಚ್ಚು ಬಿಲ್‌ಗಳು ಕಾನೂನಾದ್ವು ಅಂತ ಲೆಕ್ಕ ಹೇಳ್ತಾರೆ.

ಮುನ್ನೂರು ಅಂದ್ರೆ ಏನು ಅಂತ ಅರ್ಥ ಆಗ್ಬೇಕಾದ್ರೆ ನಮ್ಮ ಪಾರ್ಲಿಮೆಂಟ್ ಜೊತೆ ಒಂಚೂರು ಹೋಲಿಸಿ ನೋಡ್ಬೇಕು. ನಮ್ಮಲ್ಲಿ ಬಿಲ್ ಅಂದ್ರೆ ಸರ್ಕಾರ ತರೋದು, ಮಂತ್ರಿ ಮಂಡಿಸೋದು. ಮಂತ್ರಿ ಅಲ್ಲದ ಎಂಪಿ ಒಬ್ಬರು ತಂದ ಖಾಸಗಿ ಬಿಲ್ ಕಾನೂನಾಗಿದ್ದು 1952ರಿಂದ ಇಲ್ಲಿವರೆಗೆ ಬರೀ 14 ಸಲ, ಕೊನೇದು 1970ರಲ್ಲಿ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ್ಮೇಲಂತೂ ಪಾರ್ಟಿ ವಿಪ್ ಕೊಟ್ರೆ ಮುಗೀತು, ಎಂಪಿ ತನ್ನ ಮನಸ್ಸಿಗೆ ಬಂದ ಹಾಗೆ ಬಟನ್ ಒತ್ತೋ ಹಾಗಿಲ್ಲ. ಇಲ್ಲಿ ಹಾಗಲ್ಲ. ನೂರು ಜನ ಸೆನೆಟರ್‌ಗಳು, ಸ್ಟೇಟಿಗೆ ಇಬ್ಬರು, ಯಾರು ಬೇಕಾದ್ರೂ ಬಿಲ್ ತರಬಹುದು, ಯಾರೂ ಯಾರ ಮಾತೂ ಕೇಳ್ಬೇಕಂತಿಲ್ಲ, ಆದ್ರೆ ಒಬ್ಬ ಅಡ್ಡ ಹಾಕಿದ್ರೂ ಬಿಲ್ ಮುಂದಕ್ಕೆ ಹೋಗೋಕೆ ಅರವತ್ತು ವೋಟು ಬೇಕು. ಹಾಗಾಗಿ ಬರೀ ಒಳ್ಳೆ ಭಾಷಣ ಮಾಡೋನಿಗೆ ಇಲ್ಲಿ ಏನೂ ಗಿಟ್ಟಲ್ಲ. ಎದುರು ಪಾರ್ಟಿಯೋರ ರೂಮಿಗೆ ಹೋಗಿ ಕೂರ್ಬೇಕು, ಅವರಿಗೇನು ಬೇಕು ಅಂತ ಕೇಳ್ಬೇಕು, ಇವತ್ತು ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಮತ್ತೆ ಹೋಗ್ಬೇಕು. ಹನಿಗೂಡಿದರೆ ಹಳ್ಳ ತೆನೆಗೂಡಿದರೆ ಬಳ್ಳ ಅಂತೀವಲ್ಲ, ಕೆನಡಿ ಮಾಡಿದ್ದು ಅದನ್ನೇ, ತೆನೆ ತೆನೆ ಆರಿಸಿ ಬಳ್ಳಕ್ಕೆ ಹಾಕಿದ್ರು. ಒಂದೇ ಒಂದು ಸಲ ಇಡೀ ಕಣಜವೇ ಬೇಕು ಅಂತ ಹಠ ಹಿಡಿದು ಬರಿಗೈಲಿ ವಾಪಸ್ ಬಂದ್ರು, ಅದನ್ನ ಆಮೇಲೆ ಹೇಳ್ತೀನಿ.

ಮೊದ್ಲು 1964. ಜೂನ್ 19ಕ್ಕೆ ಸಿವಿಲ್ ರೈಟ್ಸ್ ಬಿಲ್ ಸೆನೆಟ್‌ನಲ್ಲಿ 73-27ರಲ್ಲಿ ಪಾಸಾಯ್ತು, ಕರಿಯರನ್ನ ಹೋಟೆಲು, ಶಾಲೆ, ಕೆಲಸದಿಂದ ದೂರ ಇಡೋದನ್ನ ನಿಷೇಧಿಸಿದ ಕಾನೂನು. ವೋಟ್ ಹಾಕಿ ಅವತ್ತೇ ರಾತ್ರಿ ಚಿಕ್ಕ ವಿಮಾನದಲ್ಲಿ ಮ್ಯಾಸಚೂಸೆಟ್ಸ್‌ಗೆ ಹೊರಟ್ರು, ಪಾರ್ಟಿ ಸಮಾವೇಶಕ್ಕೆ. ಮಂಜಲ್ಲಿ ವಿಮಾನ ಸೇಬಿನ ತೋಟದಲ್ಲಿ ಬಿತ್ತು. ಪೈಲಟ್ ಮತ್ತೆ ಒಬ್ಬ ಸಹಾಯಕ ತೀರ್ಕೊಂಡ್ರು. ಜೊತೆಗಿದ್ದ ಇಂಡಿಯಾನಾದ ಸೆನೆಟರ್ ಬರ್ಚ್ ಬೈ ಕೆನಡಿಯನ್ನ ಹೊರಗೆ ಎಳ್ಕೊಂಡು ಬಂದ್ರು. ಬೆನ್ನು ಮುರಿದಿತ್ತು. ಹತ್ರಹತ್ರ ಆರು ತಿಂಗಳು ಹಾಸಿಗೆ. ಆ ವರ್ಷದ ಎಲೆಕ್ಷನ್ನನ್ನೂ ಹಾಸಿಗೇಲೇ ಮಲಗಿ ಗೆದ್ರು. ಆ ಆರು ತಿಂಗಳು ಪ್ರೊಫೆಸರ್‌ಗಳನ್ನ ಕರೆಸಿ ಪಾಠ ಹೇಳಿಸ್ಕೊಂಡ್ರಂತೆ, ಅಣ್ಣನ ನೆರಳಲ್ಲಿ ಬಂದ ಹುಡುಗ ಅಲ್ಲೇ ಸೆನೆಟರ್ ಆದ ಅಂತ ನನಗೆ ಅನ್ಸುತ್ತೆ.

ವಾಪಸ್ ಬಂದ ವರ್ಷ, 1965ರಲ್ಲಿ, ಇಮಿಗ್ರೇಷನ್ ಬಿಲ್ ಅವರ ಕೈಗೆ ಬಂತು. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ ಯಾಕಂದ್ರೆ ಇದು ನಮ್ಮ ಕಥೆ. 1924ರಿಂದ ಇಲ್ಲಿ, ಬರೋರು ಯಾವ ದೇಶದಲ್ಲಿ ಹುಟ್ಟಿದೋರು ಅನ್ನೋದರ ಮೇಲೆ ಕೋಟಾ ಇತ್ತು, ಇಂಗ್ಲೆಂಡ್, ಜರ್ಮನಿಯೋರಿಗೆ ಸಾವಿರಾರು ಸೀಟು, ಏಷ್ಯಾದೋರಿಗೆ ಬಾಗಿಲೇ ಇಲ್ಲ. 1946ರಲ್ಲಿ ಬಾಗಿಲು ಒಂಚೂರು ತೆಗೆದು ಭಾರತಕ್ಕೆ ಅಂತ ಕೊಟ್ಟಿದ್ದು ವರ್ಷಕ್ಕೆ 100. ಇಡೀ ದೇಶಕ್ಕೆ ನೂರು! ಇವತ್ತು ಈ ಹಾಲ್‌ನಲ್ಲಿರೋರು ಅದಕ್ಕಿಂತ ಜಾಸ್ತಿ ಇದೀವಿ. ಆ ಕೋಟಾ ಪದ್ಧತಿ ಕಿತ್ತುಹಾಕಿ, ಓದು ಕಸುಬು ಇರೋರಿಗೂ ಇಲ್ಲಿರೋರ ಮನೆಯೋರಿಗೂ ವೀಸಾ ಕೊಡೋ ಬಿಲ್ ಅದು. ಬರೆದೋರು ಸೆನೆಟ್‌ನಲ್ಲಿ ಫಿಲಿಪ್ ಹಾರ್ಟ್, ಕೆಳಮನೆಯಾದ ಹೌಸ್‌ನಲ್ಲಿ ಎಮಾನ್ಯುಯೆಲ್ ಸೆಲ್ಲರ್, ಸೆನೆಟ್‌ನಲ್ಲಿ ನಡೆಸಿದೋರು 33ರ ಕೆನಡಿ. 76-18ರಲ್ಲಿ ಪಾಸಾಯ್ತು, ಅಕ್ಟೋಬರ್ 3ಕ್ಕೆ ಪ್ರೆಸಿಡೆಂಟ್ ಜಾನ್ಸನ್ ಲಿಬರ್ಟಿ ಪ್ರತಿಮೆ ಕೆಳಗೆ ಕೂತು ಸಹಿ ಹಾಕಿದ್ರು.

ಇಲ್ಲೊಂದು ವಿಷಯ ಮುಚ್ಚಿಡಬಾರ್ದು. ಆ ಬಿಲ್ ವಿಚಾರಣೆ ನಡೆದಾಗ ಕೆನಡಿ ಏನ್ ಹೇಳಿದ್ರು ಗೊತ್ತಾ, ಇದರಿಂದ ವರ್ಷಕ್ಕೆ ಹತ್ತು ಲಕ್ಷ ಜನ ಬಂದು ನಮ್ಮ ಊರುಗಳು ತುಂಬ್ಕೊಳಲ್ಲ, ದೇಶದ ಜನಾಂಗದ ಮಿಶ್ರಣ ಏನೂ ಬದಲಾಗಲ್ಲ, ಹೆದರ್ಬೇಡಿ ಅಂತ. ಆ ಮಾತು ಪೂರ್ತಿ ತಪ್ಪಾಯ್ತು. ನಾವೇ ಅದಕ್ಕೆ ಸಾಕ್ಷಿ. ಅವರು ಬೇಕಂತ ಸುಳ್ಳು ಹೇಳಿದ್ರೋ ನಿಜವಾಗ್ಲೂ ಹಾಗೇ ನಂಬಿದ್ರೋ ಅನ್ನೋ ವಾದ ಇಂದಿಗೂ ಇದೆ, ನನಗೆ ನಂಬಿದ್ರು ಅಂತ್ಲೇ ಅನ್ಸುತ್ತೆ, ಯಾಕಂದ್ರೆ ಆಗ ಎಲ್ರ ತಲೇಲಿ ಇದ್ದಿದ್ದು ಇಟಲಿ, ಗ್ರೀಸ್, ಪೋಲೆಂಡ್, ನಮ್ಮ ಮಣಿಪಾಲದಿಂದಲೋ ಸುರತ್ಕಲ್‌ನಿಂದಲೋ ಓದಿ ಮುಗಿಸಿ ಒಂದು ಸೂಟ್‌ಕೇಸ್ ಹಿಡ್ಕೊಂಡು ಜನ ಬರ್ತಾರೆ ಅಂತ ಯಾರೂ ಯೋಚಿಸಿರ್ಲಿಲ್ಲ. ಕಾನೂನು ಒಂದ್ಸಲ ಬಾಗಿಲು ತೆಗೆದ್ರೆ ಒಳಗೆ ಯಾರು ಬರ್ತಾರೆ ಅನ್ನೋದು ತೆಗೆದೋನ ಕೈಲಿರಲ್ಲ.

1971ಕ್ಕೆ ಬರ್ತೀನಿ. ಪೂರ್ವ ಪಾಕಿಸ್ತಾನದಲ್ಲಿ ಸೈನ್ಯ ನುಗ್ಗಿ, ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂಗಾಳಕ್ಕೆ, ತ್ರಿಪುರಾಕ್ಕೆ ಬಂದ ವರ್ಷ. ನಿಕ್ಸನ್ ಸರ್ಕಾರ ಪಾಕಿಸ್ತಾನದ ಪರ ಇತ್ತು. ಕೆನಡಿ ಆಗ ನಿರಾಶ್ರಿತರ ಉಪಸಮಿತಿ ಅಧ್ಯಕ್ಷರು, ಆಗಸ್ಟ್‌ನಲ್ಲಿ, ಸುರಿಯೋ ಮಳೇಲಿ, ಕೊಡೆ ಹಿಡ್ಕೊಂಡು ಕಲ್ಕತ್ತಾದ ಸುತ್ತ ಕ್ಯಾಂಪ್‌ಗಳಲ್ಲಿ ಕೆಸರಲ್ಲಿ ಓಡಾಡಿದ್ರು. ಪಾಕಿಸ್ತಾನ ಅವರಿಗೆ ಒಳಗೆ ಬರೋಕೆ ಬಿಡ್ಲಿಲ್ಲ. ಒಂದು ದೊಡ್ಡ ಕ್ಯಾಂಪ್ ನೋಡ್ಕೊಳ್ಳೋ ಮುಖ್ಯಸ್ಥರನ್ನ, ನಿಮಗೆ ಎಲ್ಲಕ್ಕಿಂತ ಜರೂರಾಗಿ ಏನು ಬೇಕು ಅಂತ ಕೇಳಿದ್ರು. ಅನ್ನ ಅನ್ನಬಹುದು, ಔಷಧಿ ಅನ್ನಬಹುದು ಅಂತ ನಾವು ಅಂದ್ಕೋತೀವಿ. ಅವರು ಹೇಳಿದ್ದು, ಹೆಣ ಸುಡೋಕೆ ಜಾಗ. ಕೆನಡಿ ಇದನ್ನ ವಾಪಸ್ ಹೋಗಿ ಸೆನೆಟ್‌ಗೆ ಕೊಟ್ಟ ವರದೀಲಿ ಬರೆದ್ರು, ಅಮೆರಿಕದ ಸಹಾಯ ಕೊಲ್ಲೋರಿಗೆ ಹೋಗ್ತಿದೆ ಅಂತ ತಮ್ಮ ಸರ್ಕಾರದ ಮುಖಕ್ಕೇ ಹೇಳಿದ್ರು. ಮಾರನೇ ವರ್ಷ ಫೆಬ್ರವರೀಲಿ ಸ್ವತಂತ್ರ ಬಾಂಗ್ಲಾದೇಶಕ್ಕೆ ಹೋದಾಗ ಢಾಕಾ ಯೂನಿವರ್ಸಿಟೀಲಿ ಒಂದು ಆಲದ ಸಸಿ ನೆಟ್ರು. ಅಲ್ಲಿ ಮೊದ್ಲು ಇದ್ದ ಆಲದ ಮರದ ಕೆಳಗೆ ವಿದ್ಯಾರ್ಥಿಗಳು ಸೇರ್ತಾರೆ ಅಂತ ಪಾಕಿಸ್ತಾನಿ ಸೈನ್ಯ ಆ ಮರಾನೇ ಇಲ್ಲದ ಹಾಗೆ ಮಾಡಿತ್ತು. ಕೆನಡಿ ನೆಟ್ಟ ಸಸಿ ಬೆಳೆದು ದೊಡ್ಡ ಮರ ಆಗಿದೆ.

ಈಗ ಆರೋಗ್ಯದ ವಿಷಯ, ಇದನ್ನ ಅವರು ತಮ್ಮ ಜೀವನದ ಕೆಲಸ ಅಂತಿದ್ರು. ಬಾಸ್ಟನ್‌ನ ಡಾರ್ಚೆಸ್ಟರ್‌ನಲ್ಲಿ ಕೊಲಂಬಿಯಾ ಪಾಯಿಂಟ್ ಅಂತ ಇದೆ, ಜೆಎಫ್‌ಕೆ ಲೈಬ್ರರಿ ನೋಡೋಕೆ ಹೋಗಿರ್ತೀರ. ಅಲ್ಲಿ 1965ರಲ್ಲಿ ಬಡವರ ಸರ್ಕಾರಿ ಮನೆಗಳ ಮಧ್ಯೆ ಇಬ್ಬರು ಡಾಕ್ಟರು, ಜ್ಯಾಕ್ ಗೈಗರ್ ಮತ್ತೆ ಕೌಂಟ್ ಗಿಬ್ಸನ್, ಒಂದು ಕ್ಲಿನಿಕ್ ತೆಗೆದ್ರು. ಅಲ್ಲಿವರೆಗೆ ಅಲ್ಲಿನೋರು ಮಗೂಗೆ ಜ್ವರ ಬಂದ್ರೆ ಬಸ್ಸು ಬದಲಾಯಿಸ್ಕೊಂಡು ಸಿಟಿ ಆಸ್ಪತ್ರೆಗೆ ಹೋಗಿ ಗಂಟೆಗಟ್ಲೆ ಕಾಯ್ಬೇಕಿತ್ತು. ಮುಂದಿನ ವರ್ಷ ಕೆನಡಿ ಅದನ್ನ ನೋಡೋಕೆ ಹೋದ್ರು, ನೋಡಿ ಬಂದು ಸುಮ್ಮನೆ ಕೂರ್ಲಿಲ್ಲ, ಅದೇ ವರ್ಷ ಇಂಥ ಸೆಂಟರ್‌ಗಳಿಗೆ ಸರ್ಕಾರದ ದುಡ್ಡು ಹಾಕಿಸೋ ಕಾನೂನು ಮಾಡಿಸಿದ್ರು. ಇವತ್ತು ದೇಶದಾದ್ಯಂತ ಕಮ್ಯುನಿಟಿ ಹೆಲ್ತ್ ಸೆಂಟರ್‌ಗಳಲ್ಲಿ ವರ್ಷಕ್ಕೆ 3 ಕೋಟಿ ಜನ ತೋರಿಸ್ಕೋತಾರೆ. ನನ್ನ ಹೆಂಡ್ತಿ ಅಂಥ ಒಂದು ಸೆಂಟರ್‌ನಲ್ಲಿ ಫ್ರಂಟ್ ಡೆಸ್ಕ್‌ನಲ್ಲಿ ಕೆಲಸ ಮಾಡ್ತಾಳೆ. ಅಲ್ಲೊಂದು ಲ್ಯಾಮಿನೇಟ್ ಮಾಡಿದ ಹಾಳೆ ಇದೆ, ಎಡಗಡೆ ಮನೇಲಿ ಎಷ್ಟು ಜನ, ಮೇಲ್ಗಡೆ ತಿಂಗಳ ಆದಾಯ ಎಷ್ಟು, ಎರಡೂ ಸೇರೋ ಚೌಕದಲ್ಲಿ ಫೀ. ಯಾರನ್ನೂ ದುಡ್ಡಿಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ಹೋದ ಚಳಿಗಾಲದಲ್ಲಿ ಆಂಧ್ರದ ಕಡೆಯ ಒಬ್ಬ ಅಜ್ಜಿ, ಮಗನ ಮನೆಗೆ ಬಂದೋರು, ಇನ್ಶೂರೆನ್ಸ್ ಇಲ್ಲ, ಬಿಪಿ ಮಾತ್ರೆ ಮುಗಿದು ತಲೆ ತಿರುಗ್ತಿದೆ ಅಂತ ಬಂದಿದ್ರಂತೆ, ಇವಳು ಆ ಹಾಳೆ ಮೇಲೆ ಬೆರಳಿಟ್ಟು ಲೆಕ್ಕ ತೋರಿಸಿದಾಗ ಅಜ್ಜಿ ಇವಳ ಕೈ ಹಿಡ್ಕೊಂಡು ಬಿಡ್ಲೇ ಇಲ್ಲ ಅಂತ ಮನೆಗೆ ಬಂದು ಹೇಳಿದ್ಲು. ಕಾನೂನು ಅಂದ್ರೆ ನನ್ನ ಕಣ್ಣಿಗೆ ಆ ಹಾಳೆ.

1973ರ ನವೆಂಬರ್‌ನಲ್ಲಿ ಅವರ ಹನ್ನೆರಡು ವರ್ಷದ ಮಗ, ಟೆಡ್ ಜೂನಿಯರ್‌ಗೆ ಮೂಳೆ ಕ್ಯಾನ್ಸರ್ ಆಗಿ ಒಂದು ಕಾಲು ತೆಗೀಬೇಕಾಯ್ತು. ಆಮೇಲೆ ಬಾಸ್ಟನ್‌ನಲ್ಲಿ ತಿಂಗಳುಗಟ್ಲೆ ಹೊಸ ಥರದ ಕೀಮೋಥೆರಪಿ. ಆಸ್ಪತ್ರೆ ವೇಟಿಂಗ್ ರೂಮಲ್ಲಿ ಅದೇ ಕಾಯಿಲೆಯ ಬೇರೆ ಮಕ್ಕಳ ಅಪ್ಪ ಅಮ್ಮ ಕೂತಿರ್ತಿದ್ರು, ಔಷಧಿ ಖರ್ಚು ತಾವೇ ಕೊಡ್ಬೇಕು ಅಂತಾದಾಗ ಅವರು ಡಾಕ್ಟರನ್ನ ಕೇಳ್ತಿದ್ದಿದ್ದು ಏನು ಅಂದ್ರೆ, ಮನೆ ಮಾರಿದೀವಿ, ಸಾಲ ಮಾಡಿದೀವಿ, ಪೂರ್ತಿ ಕೊಡಿಸೋಕೆ ಆಗಲ್ಲ, ಅರ್ಧ ಕೋರ್ಸ್ ಕೊಡಿಸಿದ್ರೆ ನಮ್ಮ ಮಗು ಉಳಿಯೋ ಚಾನ್ಸ್ ಎಷ್ಟು. ಸೆನೆಟರ್‌ಗೆ ಒಳ್ಳೆ ಇನ್ಶೂರೆನ್ಸ್ ಇತ್ತು, ಅವರ ಮಗ ಉಳಿದ. ಈ ಕಥೆಯನ್ನ ಕೆನಡಿ ಕೊನೇವರೆಗೂ ಹೇಳ್ತಾನೇ ಇದ್ರು.

ಆದ್ರೆ ನಾನು ಮುಂಚೆ ಅಂದ್ನಲ್ಲ, ಕಣಜವೇ ಬೇಕು ಅಂತ ಹಠ ಹಿಡಿದಿದ್ದು, ಅದೂ ಇದೇ ಸಮಯದ್ದು. 70ರ ದಶಕದ ಶುರುವಿಂದ ಕೆನಡಿ, ಸರ್ಕಾರವೇ ಎಲ್ರಿಗೂ ಇನ್ಶೂರೆನ್ಸ್ ಕೊಡ್ಬೇಕು ಅಂತಿದ್ರು. ನಿಕ್ಸನ್, ಹೌದು ರಿಪಬ್ಲಿಕನ್ ನಿಕ್ಸನ್ನೇ, 1974ರಲ್ಲಿ ಬೇರೆ ಪ್ಲಾನ್ ಇಟ್ರು, ಕಂಪನಿಗಳು ಕಡ್ಡಾಯವಾಗಿ ಕೆಲಸಗಾರರಿಗೆ ಇನ್ಶೂರೆನ್ಸ್ ಕೊಡ್ಬೇಕು, ಉಳಿದೋರಿಗೆ ಸರ್ಕಾರ ನೋಡ್ಕೊಳುತ್ತೆ ಅಂತ. ಕೆನಡಿ ಹೌಸ್‌ನ ವಿಲ್ಬರ್ ಮಿಲ್ಸ್ ಜೊತೆ ಸೇರಿ ಒಂದು ನಡುವಿನ ದಾರಿಯನ್ನೂ ತಂದ್ರು, ಆದ್ರೆ ಕಾರ್ಮಿಕ ಸಂಘಗಳು ಒಪ್ಪಲಿಲ್ಲ, ಇನ್ನೊಂದು ಎಲೆಕ್ಷನ್ ಕಾದ್ರೆ ಪೂರ್ತಿ ಸಿಗುತ್ತೆ ಅನ್ನೋ ಲೆಕ್ಕ, ಅಷ್ಟರಲ್ಲಿ ವಾಟರ್‌ಗೇಟ್ ಹಗರಣ ಬಂದು ನಿಕ್ಸನ್ ಹೋದ್ರು, ಎಲ್ಲಾ ಬಿದ್ದುಹೋಯ್ತು. ಅವತ್ತು ನಿಕ್ಸನ್ ಕೊಡ್ತೀನಿ ಅಂದಿದ್ದನ್ನ ತಗೊಂಡಿದ್ರೆ ಚೆನ್ನಾಗಿತ್ತು ಅಂತ ಕೆನಡಿ ಮುಂದೆ ಬಾಯಿಬಿಟ್ಟು ಹೇಳ್ಕೊಂಡ್ರು. ಎಷ್ಟು ಮಕ್ಕಳು ಆ ಮಧ್ಯೆ ಅರ್ಧ ಕೋರ್ಸ್‌ನಲ್ಲಿ ನಿಂತಿರಬಹುದು ಯೋಚನೆ ಮಾಡಿ. ನನಗೆ ಇದನ್ನ ಓದಿದಾಗ್ಲೆಲ್ಲ ಸಂಕಟ ಆಗುತ್ತೆ.

ಆಮೇಲಿನ ಕೆನಡಿ ಬೇರೆ. 1996ರಲ್ಲಿ ಕ್ಯಾನ್ಸಸ್‌ನ ರಿಪಬ್ಲಿಕನ್ ನ್ಯಾನ್ಸಿ ಕ್ಯಾಸೆಬಾಮ್ ಜೊತೆ ಸೇರಿ ಹಿಪಾ ಮಾಡಿದ್ರು. ನಾವು ಹಿಪಾ ಅಂದ್ರೆ ಪೇಷಂಟ್ ಡೇಟಾ ಗುಟ್ಟಾಗಿಡೋದು ಅಂತ ಕಲ್ತಿದೀವಿ, ಅದು ಆ ಕಾನೂನಿನ ಕೆಳಗೆ ಆಮೇಲೆ ಬಂದ ನಿಯಮಗಳು, ಮೂಲ ಉದ್ದೇಶ ಕೆಲಸ ಬದಲಾಯಿಸಿದೋನಿಗೆ ಹಳೇ ಕಾಯಿಲೆ ಇದೆ ಅಂತ ಹೊಸ ಇನ್ಶೂರೆನ್ಸ್‌ನೋರು ಬಾಗಿಲು ಹಾಕಬಾರ್ದು ಅನ್ನೋದು. ಮುಂದಿನ ವರ್ಷ ಮಕ್ಕಳ ಇನ್ಶೂರೆನ್ಸ್, ಚಿಪ್ ಅಂತಾರೆ. ಬಡವರ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇಡ್ ಸಿಗದಷ್ಟು ಆದಾಯ, ಇನ್ಶೂರೆನ್ಸ್ ಕೊಳ್ಳೋಕೆ ಸಾಲದಷ್ಟು ಆದಾಯ, ಆ ನಡುವಿನ ಮನೆಗಳ ಮಕ್ಕಳಿಗೆ. ಇದಕ್ಕೆ ದುಡ್ಡು ಎಲ್ಲಿಂದ? ಸಿಗರೇಟ್ ಮೇಲೆ ತೆರಿಗೆ. ಜೊತೆಗಾರ ಯಾರು? ಯೂಟಾದ ಆರಿನ್ ಹ್ಯಾಚ್, ಕಟ್ಟಾ ಸಂಪ್ರದಾಯಸ್ಥ ರಿಪಬ್ಲಿಕನ್, ಮಾರ್ಮನ್ ಧರ್ಮದೋರು, ಕೆನಡಿಯಂಥೋರನ್ನ ಎದುರಿಸೋಕೇ ವಾಷಿಂಗ್ಟನ್‌ಗೆ ಬಂದಿದೀನಿ ಅಂತಿದ್ದೋರು. ಹ್ಯಾಚ್‌ಗೆ ಹಾಡು ಬರೆಯೋ ಹುಚ್ಚು. ಕೆನಡಿ ಸಿಬ್ಬಂದೀಲಿ ಒಳ್ಳೆ ಕಂಠದ ಒಬ್ಬರಿದ್ರು, ಮಾತುಕತೆಗೆ ಅಂತ ಹ್ಯಾಚ್ ರೂಮಿಗೆ ಹೋದಾಗ ಅವರ ಕೈಲಿ ಹ್ಯಾಚ್ ಬರೆದ ಹಾಡನ್ನೇ ಹಾಡಿಸಿದ್ರಂತೆ. ಮೊದಲ ಸಲ ಅದನ್ನ ತಿದ್ದುಪಡಿಯಾಗಿ ತಂದಾಗ 45-55ರಲ್ಲಿ ಬಿತ್ತು, ಅದೂ ತಮ್ಮದೇ ಪಾರ್ಟಿಯ ಕ್ಲಿಂಟನ್ ಬಜೆಟ್ ಒಪ್ಪಂದ ಮುರಿದುಹೋಗುತ್ತೆ ಅಂತ ಬೇಡ ಅಂದಿದ್ರಿಂದ. ಬಿದ್ದ ಮೇಲೆ ಇಬ್ಬರೂ ಮತ್ತೆ ಎದ್ದು ಓಡಾಡಿದ್ರು, ಕೆಲವೇ ತಿಂಗಳಲ್ಲಿ, ಆಗಸ್ಟ್ ಹೊತ್ತಿಗೆ ಅದು ಬಜೆಟ್ ಕಾನೂನಿನ ಒಳಗೇ ಸೇರ್ಕೊಂಡು ಬಂತು.

ಹೆಸರು ಬೇರೆಯೋರಿಗೆ ಹೋದ್ರೂ ಪರವಾಗಿಲ್ಲ ಅನ್ನೋ ಗುಣ ಇತ್ತು. 1971ರ ಕ್ಯಾನ್ಸರ್ ಸಂಶೋಧನೆ ಕಾನೂನು ಕೆನಡಿ ಬಿಲ್ಲೇ, ಆದ್ರೆ ನಿಕ್ಸನ್‌ಗೆ ಕೆನಡಿ ಹೆಸರಿರೋ ಬಿಲ್‌ಗೆ ಸಹಿ ಹಾಕೋಕೆ ಇಷ್ಟ ಇಲ್ಲ. ಸರಿ, ರಿಪಬ್ಲಿಕನ್ ಸೆನೆಟರ್ ಪೀಟರ್ ಡೊಮಿನಿಕ್ ಹೆಸರಲ್ಲೇ ಹೋಗ್ಲಿ ಅಂದ್ರು. ಇನ್ನೊಂದು ಅಭ್ಯಾಸ, ದಿನಾ ಸಂಜೆ ಸಿಬ್ಬಂದಿ ಒಂದು ಬ್ಯಾಗ್ ತುಂಬಿಸಿ ಕೊಡೋರು, ಟಿಪ್ಪಣಿ, ಕರಡು, ಪತ್ರ ಎಲ್ಲಾ, ಅದನ್ನ ಮನೆಗೆ ಒಯ್ದು ಓದಿ ಪಕ್ಕದಲ್ಲಿ ಕೈಯಾರೆ ಬರೆದು ಬೆಳಿಗ್ಗೆ ವಾಪಸ್ ತರೋರು. ದಶಕಗಟ್ಲೆ ಹೀಗೇ.

ತಪ್ಪುಗಳನ್ನ ಹೇಳದೆ ಮುಂದೆ ಹೋದ್ರೆ ನಾನು ಭಜನೆ ಮಾಡಿದ ಹಾಗಾಗುತ್ತೆ. 1969ರ ಜುಲೈ 18ರ ರಾತ್ರಿ ಚಪ್ಪಾಕ್ವಿಡಿಕ್ ದ್ವೀಪದಲ್ಲಿ ಕೆನಡಿ ಓಡಿಸ್ತಿದ್ದ ಕಾರು ಸೇತುವೆಯಿಂದ ನೀರಿಗೆ ಬಿತ್ತು. ಅವರು ಹೊರಗೆ ಬಂದ್ರು, ಜೊತೆಗಿದ್ದ 28 ವರ್ಷದ ಮೇರಿ ಜೋ ಕೊಪೆಕ್ನಿ ಒಳಗೇ ಸತ್ತುಹೋದ್ರು. ಪೊಲೀಸರಿಗೆ ಹೇಳಿದ್ದು ಸುಮಾರು ಹತ್ತು ಗಂಟೆ ಆದ್ಮೇಲೆ. ಅಪಘಾತದ ಜಾಗ ಬಿಟ್ಟು ಹೋಗಿದ್ದಕ್ಕೆ ತಪ್ಪೊಪ್ಪಿಕೊಂಡು ಎರಡು ತಿಂಗಳ ಶಿಕ್ಷೆ, ಅದೂ ಅಮಾನತಿನಲ್ಲಿ, ಜೈಲಿಗೆ ಹೋಗ್ಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಹೀಗೆ ಮುಗೀತಿತ್ತಾ ಅಂತ ಅವತ್ತು ಕೇಳಿದ್ರು, ಇವತ್ತೂ ಕೇಳ್ತಾರೆ, ಕೇಳಬೇಕಾದ್ದೇ. ಮುನ್ನೂರು ಕಾನೂನು ಒಂದು ಕಡೆ ಇಟ್ಟು ಆ ಹೆಣ್ಣುಮಗಳ ಜೀವಕ್ಕೆ ತೂಗೋಕೆ ನಾನು ಹೋಗಲ್ಲ, ಅದು ತೂಗೋ ವಿಷಯ ಅಲ್ಲ. ಎರಡೂ ಅದೇ ಮನುಷ್ಯನದ್ದು.

ಕಾನೂನಲ್ಲೂ ಎಡವಿದ್ರು. 1984ರ ಶಿಕ್ಷೆ ಸುಧಾರಣೆ ಕಾನೂನು, ರಿಪಬ್ಲಿಕನ್ ಸ್ಟ್ರಾಮ್ ಥರ್ಮಂಡ್ ಜೊತೆ ಸೇರಿ ಮಾಡಿದ್ದು. ಒಂದೇ ಅಪರಾಧಕ್ಕೆ ಒಬ್ಬ ಜಡ್ಜ್ ಎರಡು ವರ್ಷ ಇನ್ನೊಬ್ಬ ಜಡ್ಜ್ ಹತ್ತು ವರ್ಷ ಕೊಡೋದು ಅನ್ಯಾಯ, ಅದಕ್ಕೆ ಲೆಕ್ಕದ ಪಟ್ಟಿ ಇರಲಿ ಅನ್ನೋ ಒಳ್ಳೆ ಉದ್ದೇಶವೇ. ಆದ್ರೆ ಫೆಡರಲ್ ಜೈಲಲ್ಲಿ ಪರೋಲ್ ಹೋಯ್ತು, ಜಡ್ಜ್‌ಗಳ ಕೈ ಕಟ್ಟಿದ ಹಾಗಾಯ್ತು, ಎರಡು ವರ್ಷ ಬಿಟ್ಟು ಡ್ರಗ್ಸ್‌ಗೆ ಕಡ್ಡಾಯ ಶಿಕ್ಷೆಗಳೂ ಬಂದು ಸೇರ್ಕೊಂಡ್ಮೇಲೆ ಜನ ವರ್ಷಗಟ್ಲೆ ಒಳಗೇ ಉಳಿದ್ರು. ಆ ಪಟ್ಟಿ ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2005ರಲ್ಲಿ. ಇನ್ನು ಕೇಪ್ ಕಾಡ್ ಸಮುದ್ರದಲ್ಲಿ ಗಾಳಿ ವಿದ್ಯುತ್ ಯೋಜನೆ ಬಂದಾಗ, ಪರಿಸರದ ಪರ ಇದ್ದ ಇದೇ ಕೆನಡಿ ಅದನ್ನ ವಿರೋಧಿಸಿದ್ರು, ಅವರ ಮನೆ ಇದ್ದಿದ್ದು ಆ ಸಮುದ್ರದ ದಡದಲ್ಲೇ.

1974ರ ಬಾಸ್ಟನ್ ಮಾತ್ರ ಬೇರೆ ಥರದ್ದು. ಶಾಲೆಗಳಲ್ಲಿ ಬಿಳಿಯರು ಕರಿಯರು ಬೇರೆ ಬೇರೆ ಆಗಿದಾರೆ ಅಂತ ಕೋರ್ಟ್ ಮಕ್ಕಳನ್ನ ಬಸ್ಸಲ್ಲಿ ಬೇರೆ ಬಡಾವಣೆ ಶಾಲೆಗೆ ಕಳಿಸೋಕೆ ಆದೇಶ ಮಾಡಿತ್ತು. ಸೆಪ್ಟೆಂಬರ್ 9ಕ್ಕೆ ಸಿಟಿ ಹಾಲ್ ಮುಂದೆ ಸಾವಿರಾರು ಜನ, ಬಹುಪಾಲು ಐರಿಶ್ ಮೂಲದೋರು, ಕೆನಡಿ ಮನೆತನದ ಸ್ವಂತ ಜನ. ಮಾತಾಡೋಕೆ ಹೋದ ಕೆನಡಿಗೆ ಬೆನ್ನು ತಿರುಗಿಸಿ ನಿಂತ್ರು, ಟೊಮ್ಯಾಟೊ, ಮೊಟ್ಟೆ ಎಸೆದ್ರು, ಅವರು ಅಣ್ಣನ ಹೆಸರೇ ಇರೋ ಸರ್ಕಾರಿ ಕಟ್ಟಡದ ಒಳಗೆ ಹೋದ್ಮೇಲೆ ಗಾಜು ಪುಡಿಪುಡಿ ಮಾಡಿದ್ರು. ಅವರು ನಿಲುವು ಬದಲಾಯಿಸ್ಲಿಲ್ಲ.

ಮುಗಿಸೋಕೆ ಮುಂಚೆ ಕೊನೇ ವರ್ಷ. 2008ರ ಮೇನಲ್ಲಿ ಮೆದುಳಲ್ಲಿ ಗೆಡ್ಡೆ ಅಂತ ಗೊತ್ತಾಯ್ತು, ಆಪರೇಷನ್ ಆಯ್ತು. ಜೂನ್‌ನಲ್ಲಿ, ವಯಸ್ಸಾದೋರ ಸರ್ಕಾರಿ ಇನ್ಶೂರೆನ್ಸ್ ಆದ ಮೆಡಿಕೇರ್‌ನ ಡಾಕ್ಟರ್‌ಗಳ ಫೀ 10.6 ಪರ್ಸೆಂಟ್ ಕಡಿತ ತಪ್ಪಿಸೋ ಬಿಲ್ ಒಂದೇ ವೋಟಲ್ಲಿ ನಿಂತುಹೋಗಿತ್ತು. ಜುಲೈ 9ಕ್ಕೆ ಯಾರಿಗೂ ಹೇಳದೆ ಕೆನಡಿ ಸೆನೆಟ್ ಬಾಗಿಲಲ್ಲಿ ಕಾಣಿಸ್ಕೊಂಡ್ರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೀತು. ಅವರು ವೋಟ್ ಹಾಕಿದ್ರು, ನೋಡ್ತಾ ನೋಡ್ತಾ ಕೆಲವು ರಿಪಬ್ಲಿಕನ್ನರೂ ವೋಟ್ ಬದಲಾಯಿಸಿದ್ರು, 69-30. ಮುಂದಿನ ವರ್ಷ ಆಗಸ್ಟ್‌ನಲ್ಲಿ ಹೋದ್ರು. ಅವರ ಸೀಟನ್ನ 2010ರ ಜನವರೀಲಿ ರಿಪಬ್ಲಿಕನ್ ಸ್ಕಾಟ್ ಬ್ರೌನ್ ಗೆದ್ರು, ಅರವತ್ತನೇ ವೋಟು ಹೋಯ್ತು, ಜೀವನವಿಡೀ ಕಾದ ಹೆಲ್ತ್ ಇನ್ಶೂರೆನ್ಸ್ ಬಿಲ್, ಒಬಾಮಕೇರ್ ಅಂತಾರಲ್ಲ ಅದು, ಅವರ ಖಾಲಿ ಸೀಟಿಂದ್ಲೇ ಬೀಳೋ ಹಾಗಾಗಿತ್ತು. ಸೆನೆಟ್ ಡಿಸೆಂಬರ್‌ನಲ್ಲೇ ಪಾಸು ಮಾಡಿದ್ದ ಬಿಲ್ಲನ್ನೇ ಹೌಸ್ ಹಾಗೇ ಪಾಸು ಮಾಡ್ತು, ಮಾರ್ಚ್ 23ಕ್ಕೆ ಒಬಾಮ ಸಹಿ ಹಾಕಿದ್ರು, ತಿದ್ದುಪಡಿಗಳನ್ನ ಮಾತ್ರ ಅರವತ್ತು ವೋಟು ಬೇಡದ ಬಜೆಟ್ ದಾರೀಲಿ ದಾಟಿಸಿದ್ರು. ಅದರ ಮಾದರಿ ಇಲ್ಲೇ ಆಗಿತ್ತು, 2006ರಲ್ಲಿ ನಮ್ಮ ಸ್ಟೇಟಲ್ಲಿ ಎಲ್ರಿಗೂ ಇನ್ಶೂರೆನ್ಸ್ ಕಾನೂನು, ಸಹಿ ಹಾಕಿದ ಗವರ್ನರ್ ಮಿಟ್ ರಾಮ್ನಿ, 1994ರಲ್ಲಿ ಕೆನಡಿ ಎದುರು ನಿಂತು ಸೋತಿದ್ದೋರು, ಸಹಿ ಹಾಕೋವಾಗ ಪಕ್ಕದಲ್ಲಿ ಕೆನಡಿ. ಜನವರಿ ಬಂದ್ರೆ ಟ್ಯಾಕ್ಸ್‌ಗೆ ಅಂತ ನಮ್ಮನೆಗೆಲ್ಲ 1099-ಎಚ್‌ಸಿ ಅಂತ ಒಂದು ಕಾಗದ ಬರುತ್ತಲ್ಲ, ಅದು ಆ ಕಾನೂನಿನ ಕಾಗದ.

ಇಷ್ಟು ನನ್ನ ಮಾತು. ಪ್ರಶ್ನೆಗಳು.

ಮುಂದಿನ ಸಾಲಲ್ಲಿದ್ದ ಹಿರಿಯರೊಬ್ಬರು ಕೇಳಿದ್ರು: "ಅಲ್ಲಾ ಕಣಪ್ಪ, ಕಟ್ಟಾ ಪ್ರಗತಿಪರ ಅಂತೀಯ, ಹೇಳಿದ್ದೆಲ್ಲ ರಿಪಬ್ಲಿಕನ್ನರ ಜೊತೆ ರಾಜಿ ಮಾಡ್ಕೊಂಡಿದ್ದೇ. ನಿಲುವು ಅಂತ ಒಂದಿತ್ತೋ ಇಲ್ವೋ?"

ಇತ್ತು ಸಾರ್. ಎಷ್ಟು ಸಿಗುತ್ತೆ ಅನ್ನೋದರಲ್ಲಿ ರಾಜಿ, ಯಾವ ಕಡೆಗೆ ಹೋಗ್ಬೇಕು ಅನ್ನೋದರಲ್ಲಿ ಇಲ್ಲ. 1985ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಸೊವೆಟೊದಲ್ಲಿ ಡೆಸ್ಮಂಡ್ ಟುಟು ಮನೇಲೇ ಉಳ್ಕೊಂಡ್ರು, ಮುಂದಿನ ವರ್ಷ ಅಲ್ಲಿನ ವರ್ಣಭೇದ ಸರ್ಕಾರದ ಮೇಲೆ ನಿರ್ಬಂಧ ಹಾಕೋ ಕಾನೂನಿಗೆ ರೇಗನ್ ವೀಟೊ ಹಾಕಿದಾಗ ಆ ವೀಟೊವನ್ನೇ 78-21ರಲ್ಲಿ ಕೆಡವಿದ್ರು. 1987ರಲ್ಲಿ ರೇಗನ್, ಸಂಪ್ರದಾಯವಾದಿ ಜಡ್ಜ್ ರಾಬರ್ಟ್ ಬೋರ್ಕ್ ಅವರನ್ನ ಸುಪ್ರೀಂ ಕೋರ್ಟ್‌ಗೆ ಹೆಸರಿಸಿದಾಗ ಒಂದು ಗಂಟೆ ಒಳಗೆ ಎದ್ದು ನಿಂತು ವಿರೋಧಿಸಿದ್ರು, ಆ ಭಾಷಣ ಅತಿಯಾಯ್ತು ಅನ್ನೋರೂ ಇದಾರೆ, ಜಡ್ಜ್ ನೇಮಕ ಅಂದ್ರೆ ಜಗಳ ಅನ್ನೋದು ಅಲ್ಲಿಂದ್ಲೇ ಶುರು ಅಂತಾರೆ, ಅದನ್ನ ನಾನು ಅಲ್ಲಗಳೆಯಲ್ಲ. 2002ರಲ್ಲಿ ಇರಾಕ್ ಯುದ್ಧಕ್ಕೆ ಬೇಡ ಅಂದ 23 ಜನರಲ್ಲಿ ಅವರೊಬ್ಬರು, ನನ್ನ ಜೀವನದ ಅತ್ಯುತ್ತಮ ವೋಟು ಅದು ಅಂತಿದ್ರು. ಕನಿಷ್ಠ ಕೂಲಿ ಬಿಡ್ಲೇ ಇಲ್ಲ. ಹತ್ತು ವರ್ಷ ಗಂಟೆಗೆ 5.15 ಡಾಲರ್‌ನಲ್ಲೇ ನಿಂತಿದ್ದನ್ನ 2007ರಲ್ಲಿ 7.25ಕ್ಕೆ ಏರಿಸೋ ಕಾನೂನು ಮಾಡಿಸಿದ್ರು, ಕೊನೇ ಕಂತು ಜಾರಿಯಾಗಿದ್ದು 2009ರ ಜುಲೈನಲ್ಲಿ, ಅವರು ಸಾಯೋ ಒಂದು ತಿಂಗಳ ಮುಂಚೆ. ಅಲ್ಲಿಂದ ಇಲ್ಲಿವರೆಗೆ ದೇಶದ ಕನಿಷ್ಠ ಕೂಲಿ ಅದೇ 7.25.

ಎರಡನೇ ಪ್ರಶ್ನೆ ಹಿಂದಿನ ಸಾಲಿಂದ, ಒಬ್ಬರು ತಾಯಿ, ಪಕ್ಕದಲ್ಲಿ ಮಗಳು: "ಸರ್, ಎಚ್-1ಬಿ ತಂದ್ರು ಅಂತೀರ, ಗ್ರೀನ್ ಕಾರ್ಡ್ ಕ್ಯೂ ಯಾಕೆ ಹೀಗಿದೆ? ಇವಳಿಗೆ ಮುಂದಿನ ವರ್ಷ 21 ಆಗುತ್ತೆ, ಆಮೇಲೆ ಅಪ್ಪನ ಅರ್ಜೀಲಿ ಮಗು ಅಂತ ಲೆಕ್ಕಕ್ಕೆ ಬರಲ್ಲ."

ಅಮ್ಮಾ, ಇದೂ ಅದೇ ಕಾನೂನು. 1990ರಲ್ಲಿ ಕೆನಡಿ ವ್ಯೋಮಿಂಗ್‌ನ ಅಲನ್ ಸಿಂಪ್ಸನ್ ಜೊತೆ ಸೇರಿ ತಂದ ಇಮಿಗ್ರೇಷನ್ ಕಾನೂನಲ್ಲಿ ಎಚ್-1ಬಿಗೆ ವರ್ಷಕ್ಕೆ 65 ಸಾವಿರ ಅಂತ ಹಾಕಿದ್ರು, ಕೆಲಸದ ಮೇಲೆ ಸಿಗೋ ಗ್ರೀನ್ ಕಾರ್ಡ್ 1 ಲಕ್ಷ 40 ಸಾವಿರ, ಅದರಲ್ಲಿ ಯಾವ ಒಂದು ದೇಶಕ್ಕೂ ಮಾಮೂಲಿ 7 ಪರ್ಸೆಂಟ್‌ಗಿಂತ ಹೆಚ್ಚಿಲ್ಲ. ಅಂದ್ರೆ ಹತ್ರಹತ್ರ 9,800, ಅದರಲ್ಲೇ ಗಂಡ ಹೆಂಡತಿ ಮಕ್ಕಳು ಎಲ್ಲಾ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡ್‌ಗೂ ಅಷ್ಟೇ. 1965ರಲ್ಲಿ ಎಲ್ಲಾ ದೇಶಕ್ಕೂ ಒಂದೇ ಮಿತಿ ಅನ್ನೋದು ನ್ಯಾಯ ಅಂತ ಕಂಡಿದ್ದು ಇವತ್ತು ನಿಮ್ಮ ಮಗಳ ಕೊರಳಿಗೆ ಬಂದಿದೆ. 2007ರಲ್ಲಿ ಕೆನಡಿ ಇಮಿಗ್ರೇಷನ್ ಕಾನೂನು ಪೂರ್ತಿ ಸರಿಮಾಡೋಕೆ ಹೋದಾಗ 46-53ರಲ್ಲಿ ಬಿತ್ತು. ಆಮೇಲೆ 2019ರಲ್ಲಿ ಆ ದೇಶದ ಮಿತಿ ತೆಗೆಯೋ ಬಿಲ್ ಹೌಸ್‌ನಲ್ಲಿ 365-65ರಲ್ಲಿ ಪಾಸಾಯ್ತು, 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೆ ರೂಪದಲ್ಲಿ ಪಾಸು ಮಾಡ್ತು, ಎರಡನ್ನೂ ಹೊಂದಿಸೋಕೆ ಟೈಮ್ ಇಲ್ಲದೆ ಸತ್ತುಹೋಯ್ತು. ಅಷ್ಟು ಹತ್ರ ಬಂದಿತ್ತು.

ಅವರಮ್ಮ ಇನ್ನೇನೂ ಕೇಳ್ಲಿಲ್ಲ. ಆ ಹುಡುಗಿ ಮಾತ್ರ, ಹಾಗಾದ್ರೆ ಈಗ ಆ ಬಿಲ್ ಯಾರ ಬ್ಯಾಗಲ್ಲಿದೆ ಅಂಕಲ್ ಅಂದ್ಲು. ಹಾಲ್ ಖಾಲಿ ಮಾಡೋಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಎಂಟು ಜನ ಉಳ್ಕೊಂಡ್ವಿ, ಕುರ್ಚಿ ಮಡಚಿ ಇಟ್ಟು ಒಂದೇ ಟೇಬಲ್ ಸುತ್ತ ಕೂತು ನಮ್ಮ ಇಬ್ಬರು ಸೆನೆಟರ್‌ಗಳ ಆಫೀಸಿಗೆ ಒಂದೊಂದು ಪತ್ರ ಬರೆದ್ವಿ, ಅವಳ ಹುಟ್ಟಿದ ತಾರೀಕು, ಅವಳು ಈ ದೇಶಕ್ಕೆ ಬಂದಾಗ ಮೂರು ವರ್ಷ ಅನ್ನೋದು, ಅಪ್ಪನ ಅರ್ಜಿ ಕ್ಯೂಗೆ ಸೇರಿದ ತಾರೀಕು, ಎಲ್ಲಾ ಹಾಕಿ. ಇಂಗ್ಲಿಷ್ ತಿದ್ದಿದ್ದು ಅವಳೇ. ಸೋಮವಾರ ಪೋಸ್ಟ್ ಮಾಡಿದೀವಿ, ಉತ್ತರ ಬಂದ್ಮೇಲೆ ಇನ್ನೊಂದು ಪತ್ರ.